ಒನ್ ಪಂಚ್ ಮ್ಯಾನ್: ಅನಿಮೆ ನೋಡೋದಾ, ಮಾಂಗಾ ಓದೋದಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಅನಿಮೆಯ, ಅಂದರೆ ಜಪಾನಿ ಕಾರ್ಟೂನ್ ಸರಣಿಯ, ಮೊದಲ ಸೀಸನ್ ನೋಡಿ. ಅಲ್ಲಿಂದ ಮುಂದಕ್ಕೆ ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದಿ. ಹೀರೋಗಳನ್ನು ಬೇಟೆಯಾಡುವ ಗರೌ ಎಂಬ ಎದುರಾಳಿಯ ಕಥೆ ಮುಗಿದ ಮೇಲೆ, ಅದೇ ಕಥೆ ಇಂಟರ್ನೆಟ್ಟಿನಲ್ಲಿ ಬಂದ ಮೂಲ ವೆಬ್‌ಕಾಮಿಕ್‌ನಲ್ಲಿ ಹೇಗೆ ಮುಗಿದಿತ್ತು ಅಂತ ಒಮ್ಮೆ ತಿರುವಿ ಹಾಕಿ. ಆತುರದಲ್ಲಿ ಇರುವವರು ಇಷ್ಟು ತಿಳಿದು ಹೊರಡಬಹುದು. ಯಾಕೆ ಹೀಗೆ ಅನ್ನುವುದು ಬೇಕಿದ್ದವರಿಗೆ ಮುಂದಿನದ್ದು.

ಈ ವಿಷಯದಲ್ಲಿ ವಾದ ಮಾಡುವವರು ಎರಡು ಗುಂಪು. "ಮಾಂಗಾ ಯಾವತ್ತಿದ್ದರೂ ಮೇಲು" ಅನ್ನುವವರು ಒಂದು ಕಡೆ, "ಅಷ್ಟು ಓದೋಕೆ ಯಾರಿಗೆ ಪುರುಸೊತ್ತು, ಅನಿಮೆ ಸಾಕು" ಅನ್ನುವವರು ಇನ್ನೊಂದು ಕಡೆ. ಒನ್ ಪಂಚ್ ಮ್ಯಾನ್ ಮಟ್ಟಿಗೆ ಇಬ್ಬರ ಮಾತೂ ಅರ್ಧ ಮಾತ್ರ ಸರಿ. ಹೆಸರು ಒಂದೇ ಆದರೂ ಮೊದಲ ಸೀಸನ್ ಬೇರೆಯೇ ಜನ ಮಾಡಿದ ಕೆಲಸ, ನಂತರದವು ಬೇರೆಯವರದ್ದು. ಹಾಗಾಗಿ ಅನಿಮೆ ಅಂತ ಒಟ್ಟಿಗೆ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ.

ಮೂಲ ಯಾವುದು?

ಇದು ಗೊತ್ತಿಲ್ಲದೆ ಹೋಲಿಸಲು ಹೊರಟವರೇ ಜಾಸ್ತಿ. 'ಒನ್' ಅನ್ನುವ ಹೆಸರಿಟ್ಟುಕೊಂಡ ಒಬ್ಬ ಜಪಾನಿ ಬರಹಗಾರ 2009ರಲ್ಲಿ ಈ ಕಥೆಯನ್ನು ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಹಾಕಲು ಶುರು ಮಾಡಿದರು. ಚಿತ್ರಗಳು ತೀರಾ ಒರಟು. ಗೆರೆಗಳು ಅಲ್ಲಾಡುತ್ತವೆ, ಕೈಕಾಲಿನ ಅಳತೆ ಕೂಡುವುದಿಲ್ಲ, ಹಿನ್ನೆಲೆ ಎಷ್ಟೋ ಕಡೆ ಖಾಲಿ. ಆದರೂ ಜನ ಮುಗಿಬಿದ್ದು ಓದಿದರು. ಕಥೆ ಅಷ್ಟು ಗಟ್ಟಿ ಇತ್ತು.

ಹಾಗೆ ಓದಿ ಮೆಚ್ಚಿಕೊಂಡವರಲ್ಲಿ ಯೂಸುಕೆ ಮುರಾತಾ ಕೂಡ ಒಬ್ಬರು. ಅಮೆರಿಕನ್ ಫುಟ್‌ಬಾಲ್ ಕಥೆಯಾದ ಐಶೀಲ್ಡ್ 21ಕ್ಕೆ ಚಿತ್ರ ಬರೆದು ಆಗಲೇ ಹೆಸರು ಮಾಡಿದ್ದವರು. ಅವರೇ ಒನ್ ಅವರನ್ನು ಸಂಪರ್ಕಿಸಿ, ಇಬ್ಬರೂ ಸೇರಿ ಮಾಡೋಣ ಅಂದರು. 2012ರಿಂದ ಶುಯೇಶಾ ಸಂಸ್ಥೆಯ ವೆಬ್ ಪತ್ರಿಕೆ ತೊನಾರಿ ನೋ ಯಂಗ್ ಜಂಪ್‌ನಲ್ಲಿ ಮುರಾತಾ ಕೈಯಲ್ಲಿ ಇಡೀ ಕಥೆ ಹೊಸದಾಗಿ ಮೂಡತೊಡಗಿತು. ನಾವು ಅಂಗಡಿಯಲ್ಲಿ ಕೊಳ್ಳುವ ಸಂಪುಟಗಳು ಇವೇ. ಅಂದರೆ ಮಾಂಗಾನೇ ಒಂದು ರೂಪಾಂತರ. ಅನಿಮೆ ಆ ರೂಪಾಂತರದ ರೂಪಾಂತರ. ಮೂರು ಮನೆ, ಒಂದೇ ಕಥೆ.

ಮುರಾತಾ ಮಾಡಿದ ದೊಡ್ಡ ಕೆಲಸ ಚಿತ್ರ ಚೆಂದ ಮಾಡಿದ್ದಷ್ಟೇ ಅಲ್ಲ. ಒನ್ ಅವರ ಗೆರೆಯಲ್ಲಿ ಎಲ್ಲರ ಮುಖವೂ ಒರಟಾಗಿರುವುದರಿಂದ ಕಥಾನಾಯಕ ಸೈತಾಮನ ಬೋಳು ತಲೆ, ಚುಕ್ಕೆ ಕಣ್ಣು ಎದ್ದು ಕಾಣುವುದಿಲ್ಲ. ಮುರಾತಾ ಏನು ಮಾಡಿದರು ಅಂದರೆ, ರಾಕ್ಷಸನ ಒಂದೊಂದು ನರ, ಒಡೆದ ಕಟ್ಟಡದ ಒಂದೊಂದು ಇಟ್ಟಿಗೆ ಬಿಡದೆ ಬರೆದು, ಅದರ ಮಧ್ಯೆ ಸೈತಾಮನನ್ನು ಮಾತ್ರ ಎರಡು ಗೆರೆಯ ಮೊಟ್ಟೆಯ ಹಾಗೆ ಬಿಟ್ಟರು. ನಗು ಬರುವುದು ಅಲ್ಲಿ. ಲೋಕ ಮುಳುಗುತ್ತಿದೆ, ಇವನಿಗೆ ಬೇಜಾರು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಕೆಲಸದ ಸಂದರ್ಶನದಲ್ಲಿ ಫೇಲಾಗಿ ಮನೆಗೆ ಹೊರಟ ಸೈತಾಮ, ಏಡಿ ರಾಕ್ಷಸನೊಬ್ಬನಿಂದ ಒಬ್ಬ ಹುಡುಗನನ್ನು ಉಳಿಸುತ್ತಾನೆ. ಆಮೇಲೆ ಹೀರೋ ಆಗಬೇಕೆಂದು ಮೂರು ವರ್ಷ ಕಸರತ್ತು: ದಿನಾ 100 ಪುಷ್ ಅಪ್, 100 ಸಿಟ್ ಅಪ್, 100 ಸ್ಕ್ವಾಟ್, 10 ಕಿಲೋಮೀಟರ್ ಓಟ. ತಲೆಗೂದಲು ಉದುರಿತು, ಶಕ್ತಿ ಬಂತು. ಈಗ ಎದುರಾಳಿ ಯಾರೇ ಆಗಲಿ ಒಂದೇ ಗುದ್ದಿಗೆ ಮುಗಿಯುತ್ತಾನೆ. ಸೋಲುವ ಭಯವೇ ಇಲ್ಲದ ಮನುಷ್ಯನಿಗೆ ಗೆದ್ದ ಖುಷಿಯೂ ಇಲ್ಲ. ಇಡೀ ಕಥೆ ನಿಂತಿರುವುದು ಈ ಬೇಸರದ ಮೇಲೆ. ಹಾಗಾಗಿ ಯಾವ ರೂಪ ಚೆನ್ನಾಗಿದೆ ಅಂತ ಅಳೆಯುವಾಗ ನಾನು ನೋಡುವುದು ಒಂದೇ: ಆ ಬೇಸರ ನಮಗೆ ಮುಟ್ಟುತ್ತಾ, ಇಲ್ವಾ?

ಮೊದಲ ಸೀಸನ್: ಅನಿಮೆಯೇ ಒಂದು ಕೈ ಮೇಲು

2015ರ ಅಕ್ಟೋಬರ್‌ನಲ್ಲಿ ಬಂದ ಮೊದಲ ಸೀಸನ್ ಮಾಡಿದ್ದು ಮ್ಯಾಡ್‌ಹೌಸ್ ಸ್ಟುಡಿಯೋ, ನಿರ್ದೇಶಕ ಶಿಂಗೋ ನತ್ಸುಮೆ. 12 ಎಪಿಸೋಡ್. ಮಾಂಗಾದ ಮೊದಲ 7 ಸಂಪುಟಗಳ ಕಥೆ ಹೆಚ್ಚೂಕಡಿಮೆ ಪೂರ್ತಿ ಇದರಲ್ಲಿದೆ. ಅಲ್ಲಲ್ಲಿ ಸಣ್ಣಪುಟ್ಟದ್ದು ಬಿಟ್ಟಿದ್ದಾರೆ, ಮುಖ್ಯವಾದದ್ದು ಯಾವುದೂ ಹೋಗಿಲ್ಲ.

ಇಲ್ಲಿ ಅನಿಮೆ ಗೆಲ್ಲುವುದು ಸಮಯದ ಹಿಡಿತದಲ್ಲಿ. ಸೈಬೋರ್ಗ್, ಅಂದರೆ ಅರ್ಧ ಮನುಷ್ಯ ಅರ್ಧ ಯಂತ್ರ, ಆದ ಯುವಕ ಜೆನೋಸ್ ಸೈತಾಮನ ಮನೆಗೆ ಬಂದು ತನ್ನ ಕಥೆ ಹೇಳಿಕೊಳ್ಳುವ ಜಾಗ ತಗೊಳ್ಳಿ. ಹದಿನೈದರ ವಯಸ್ಸು, ಊರು ಹಾಳು ಮಾಡಿದ ಸೈಬೋರ್ಗ್, ಕಾಪಾಡಿದ ಡಾಕ್ಟರ್ ಕುಸೆನೋ, ಎಲ್ಲ ಗಂಭೀರವಾಗಿ ಹೇಳುತ್ತಾ ಹೋಗುತ್ತಾನೆ. ಮಾಂಗಾದಲ್ಲಿ ಅದು ಅಕ್ಷರ ತುಂಬಿದ ದೊಡ್ಡ ಬಲೂನು. ಓದುಗ ಕಣ್ಣಾಡಿಸಿ, ಅರ್ಧ ಓದಿ ಮುಂದೆ ಹೋಗಬಹುದು. ಅನಿಮೆಯಲ್ಲಿ ಹಾಗೆ ಹಾರಿಸಲು ಆಗಲ್ಲ. ದನಿ ಕೊಟ್ಟ ಕೈತೋ ಇಶಿಕಾವಾ ಉಸಿರು ತೆಗೆದುಕೊಳ್ಳದವರ ಹಾಗೆ ಸರಸರ ಹೇಳುತ್ತಾರೆ, ಸೈತಾಮನ ತಾಳ್ಮೆ ಕರಗುವುದು ನಮಗೂ ಕಾಣುತ್ತದೆ. ಕೊನೆಗೆ ಅವನು "ಇಪ್ಪತ್ತು ಪದದಲ್ಲಿ ಹೇಳು" ಅಂತ ಸಿಡಿದಾಗ ನಾವೂ ಅವನ ಜೊತೆ ಕಾದು ಸುಸ್ತಾಗಿರುತ್ತೇವೆ. ಅದಕ್ಕೇ ಅಷ್ಟು ನಗು.

ಮೊದಲ ಎಪಿಸೋಡಿನ ಕನಸೂ ಹಾಗೇ. ನೆಲದಡಿಯ ಜನ ದಾಳಿ ಮಾಡುತ್ತಾರೆ, ಸೈತಾಮನಿಗೆ ಏಟು ಬೀಳುತ್ತದೆ, ರಕ್ತ ಬರುತ್ತದೆ, ಎಷ್ಟೋ ವರ್ಷದ ಮೇಲೆ ಅವನ ಎದೆ ಹೊಡೆದುಕೊಳ್ಳುತ್ತದೆ. ಅವನ ಮುಖವೇ ಬದಲಾಗಿಬಿಡುತ್ತದೆ. ಆಮೇಲೆ ಎಚ್ಚರ. ನಿಜವಾದ ನೆಲದಡಿಯವರು ಬಂದಾಗ ಅವರ ರಾಜ ಒಂದೇ ಗುದ್ದಿಗೆ ಹೋಗುತ್ತಾನೆ, ಉಳಿದವರು ಬಿಳಿ ಬಾವುಟ ತೋರಿಸಿ ವಾಪಸ್. ಅನಿಮೆಯಲ್ಲಿ ಆ ಕನಸಿನ ಕಾಳಗ ಎಷ್ಟು ಜೋರಾಗಿದೆ ಅಂದರೆ, ಎದ್ದ ಮೇಲೆ ಸೈತಾಮನಿಗಾಗುವ ನಿರಾಸೆ ನಮಗೂ ಆಗುತ್ತದೆ. ಹಾಸ್ಯದ ಕಥೆ ಅಂದುಕೊಂಡು ಕೂತವರಿಗೆ ಇದು ಬೇಸರದ ಕಥೆಯೂ ಹೌದು ಅಂತ ಮೊದಲ ಬಾರಿ ತಟ್ಟುವುದು ಅಲ್ಲೇ.

ಒಂಬತ್ತನೇ ಎಪಿಸೋಡ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಮಳೆ ಸುರಿಯುತ್ತಿದೆ. ಸಮುದ್ರದಿಂದ ಬಂದ ರಾಕ್ಷಸ ಡೀಪ್ ಸೀ ಕಿಂಗ್ ಒಬ್ಬೊಬ್ಬ ಹೀರೋನನ್ನೂ ಹೊಡೆದು ಹಾಕಿದ್ದಾನೆ, ಜೆನೋಸ್ ಕೂಡ ಮಲಗಿದ್ದಾನೆ. ಆಗ ಸೈಕಲ್ಲಿನಲ್ಲಿ ಬರುತ್ತಾನೆ ಮುಮೆನ್ ರೈಡರ್, ಹೀರೋಗಳಲ್ಲಿ ಎಲ್ಲಕ್ಕಿಂತ ಕೆಳಗಿನದಾದ ಸಿ ದರ್ಜೆಯ ಮೊದಲನೆಯವ. ಗೆಲ್ಲಲಾರೆ ಅಂತ ಅವನಿಗೆ ಗೊತ್ತು. ಸಿ ದರ್ಜೆಯವನಿಂದ ಏನೂ ಆಗಲ್ಲ ಅಂತ ಬೇರೆಯವರು ಹೇಳುವ ಮೊದಲೇ ತಾನೇ ಒಪ್ಪಿಕೊಳ್ಳುತ್ತಾನೆ. ಆದರೂ ಎದ್ದು ನಿಲ್ಲುತ್ತಾನೆ. ಮಾಂಗಾದಲ್ಲೂ ಈ ಪುಟಗಳು ಕಣ್ಣು ತುಂಬಿಸುತ್ತವೆ. ಆದರೆ ಮಳೆಯ ಸದ್ದು, ಒಡೆಯುವ ದನಿ, ಆಶ್ರಯತಾಣದಲ್ಲಿ ಹೆದರಿ ಕೂತ ಜನ ಒಬ್ಬೊಬ್ಬರಾಗಿ ಅವನ ಹೆಸರು ಕೂಗುವುದು, ಇದೆಲ್ಲ ಸೇರಿದಾಗ ಆಗುವ ಪರಿಣಾಮ ಕಾಗದಕ್ಕೆ ದಕ್ಕುವಂಥದ್ದಲ್ಲ. ಆಮೇಲೆ ಸೈತಾಮ ಆ ರಾಕ್ಷಸನನ್ನು ಒಂದೇ ಗುದ್ದಿಗೆ ಮುಗಿಸಿ, "ಬೇರೆಯವರು ಸುಸ್ತು ಮಾಡಿಟ್ಟಿದ್ದರು, ನಾನು ಬಂದು ಲಾಭ ಮಾಡಿಕೊಂಡೆ" ಅನ್ನುವ ಅರ್ಥದ ಸುಳ್ಳು ಹೇಳಿ ತನ್ನ ಹೆಸರು ತಾನೇ ಕೆಡಿಸಿಕೊಳ್ಳುತ್ತಾನೆ. ಇಡೀ ಸೀಸನ್ನಿನ ಎಪಿಸೋಡುಗಳಲ್ಲಿ ಒಂದನ್ನೇ ನೋಡುತ್ತೀರಿ ಅಂದರೆ ಇದನ್ನೇ ನೋಡಿ.

ಬಾಹ್ಯಾಕಾಶದಿಂದ ಬಂದ ಎದುರಾಳಿ ಬೋರೋಸ್ ಜೊತೆಗಿನ ಕೊನೆಯ ಕಾಳಗದಲ್ಲಿ ಮಾತ್ರ ಎರಡೂ ಸಮ ಅನ್ನುತ್ತೇನೆ. ಸೈತಾಮ ಚಂದ್ರನವರೆಗೆ ಒದೆಸಿಕೊಂಡು ಹೋಗಿ ಅಲ್ಲಿಂದ ನೆಗೆದು ವಾಪಸ್ ಬರುವುದನ್ನು ಮುರಾತಾ ಮಾತಿಲ್ಲದ ದೊಡ್ಡ ಪುಟಗಳಲ್ಲಿ ತೋರಿಸಿದ್ದಾರೆ. ಅಲ್ಲಿನ ಮೌನ ಬಲು ದೊಡ್ಡದು. ಅನಿಮೆಯಲ್ಲಿ ವೇಗ, ಬೆಳಕು, ಮಕೋತೋ ಮಿಯಾಝಾಕಿ ಅವರ ಸಂಗೀತ. ಎರಡೂ ಬೇಕು ಅಂದರೆ ಮೊದಲು ಅನಿಮೆ ನೋಡಿ, ಆಮೇಲೆ 7ನೇ ಸಂಪುಟ ನಿಧಾನಕ್ಕೆ ಓದಿ.

ಇಷ್ಟು ಚೆನ್ನಾಗಿ ಬಂದದ್ದು ಹೇಗೆ? ಮ್ಯಾಡ್‌ಹೌಸ್ ಹೆಸರಿನಿಂದ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಜಪಾನಿನಲ್ಲಿ ಒಳ್ಳೆಯ ಅನಿಮೇಟರ್‌ಗಳಲ್ಲಿ ಬಹಳ ಜನ ಯಾವ ಸ್ಟುಡಿಯೋಗೂ ಸೇರಿರುವುದಿಲ್ಲ, ಕರೆದ ಕಡೆ ಹೋಗಿ ಕೆಲಸ ಮಾಡುತ್ತಾರೆ. ನತ್ಸುಮೆ ಮತ್ತು ಕ್ಯಾರೆಕ್ಟರ್ ಡಿಸೈನ್ ಮಾಡಿದ ಚಿಕಾಶಿ ಕುಬೋತಾ ಸುತ್ತ ಅಂಥವರು ಸೇರಿಕೊಂಡರು. ಆ ಜನ ಮತ್ತೆ ಒಟ್ಟಿಗೆ ಸಿಗುವುದು ಕಷ್ಟ. ಮುಂದಿನ ಸೀಸನ್ನುಗಳಲ್ಲಿ ಏನಾಯಿತು ಅನ್ನುವುದಕ್ಕೆ ಇದೇ ಮುಖ್ಯ ಕಾರಣ.

ಎರಡು ಮತ್ತು ಮೂರನೇ ಸೀಸನ್: ಇಲ್ಲಿಂದ ಮಾಂಗಾ

ನಾಲ್ಕು ವರ್ಷ ಬಿಟ್ಟು 2019ರ ಏಪ್ರಿಲ್‌ನಲ್ಲಿ ಎರಡನೇ ಸೀಸನ್ ಬಂತು. ಸ್ಟುಡಿಯೋ ಜೆ.ಸಿ. ಸ್ಟಾಫ್, ನಿರ್ದೇಶಕ ಚಿಕಾರಾ ಸಕುರಾಯಿ. ಕಥೆ 8ನೇ ಸಂಪುಟದಿಂದ ಸುಮಾರು 17ನೆಯದರವರೆಗೆ. ಲೆಕ್ಕ ನೋಡಿ: ಮೊದಲ ಸೀಸನ್ನಿನ 12 ಎಪಿಸೋಡಿಗೆ 7 ಸಂಪುಟ, ಇಲ್ಲಿ ಅಷ್ಟೇ ಎಪಿಸೋಡಿಗೆ 10. ಅವಸರ ಆಗದೆ ಇರುತ್ತಾ?

ಇದರಲ್ಲಿ ಒಳ್ಳೆಯದು ಇಲ್ಲ ಅಂತ ನಾನು ಹೇಳಲ್ಲ. ಕಿಂಗ್ ಬರುವ ಭಾಗ ಚೆನ್ನಾಗಿದೆ. ಲೋಕದಲ್ಲೇ ಬಲಶಾಲಿ ಅಂತ ಹೆಸರಾದ ಕಿಂಗ್ ಬಂದರೆ ಎದುರಾಳಿಗಳಿಗೆ ಒಂದು ಭಯಂಕರ ಸದ್ದು ಕೇಳುತ್ತದೆ. ನಿಜದಲ್ಲಿ ಅದು ಹೆದರಿದ ಅವನ ಎದೆ ಬಡಿತ! ಇಂಥ ತಮಾಷೆಗೆ ಕಿವಿ ಬೇಕು, ಅನಿಮೆ ಅದನ್ನು ಕೊಟ್ಟಿದೆ. ಸೈತಾಮ ಮತ್ತು ಕಿಂಗ್ ಕೂತು ಮಾತಾಡುವ ಜಾಗಗಳೂ ಸೊಗಸು. ಮಾತಿನ ದೃಶ್ಯಗಳಲ್ಲಿ ಈ ಸೀಸನ್ ಸೋತಿಲ್ಲ.

ಸೋತದ್ದು ಕಾಳಗದಲ್ಲಿ, ಅದರಲ್ಲೂ ಗರೌ ವಿಷಯದಲ್ಲಿ. ಹೀರೋಗಳನ್ನು ಬೇಟೆಯಾಡಲು ಹೊರಟ ಗರೌ ಈ ಕಥೆಯ ಎರಡನೇ ನಾಯಕ ಅಂದರೂ ತಪ್ಪಿಲ್ಲ. ಅವನು ಕಲಿತ ಯುದ್ಧಕಲೆ ಹರಿಯುವ ನೀರಿನ ಹಾಗೆ ತಪ್ಪಿಸಿಕೊಂಡು ಬಂಡೆ ಒಡೆಯುವಂಥದ್ದು. ಮುರಾತಾ ಪುಟಗಳಲ್ಲಿ ಅವನ ಕೈ ಎಲ್ಲಿಂದ ಹೊರಟಿತು, ಏಟು ಹೇಗೆ ಜಾರಿತು, ತೂಕ ಯಾವ ಕಾಲಿನ ಮೇಲಿದೆ, ಎಲ್ಲ ಕಾಣುತ್ತದೆ. ಅನಿಮೆಯಲ್ಲಿ ಹೆಚ್ಚಾಗಿ ಕಾಣುವುದು ಬಣ್ಣದ ಗೆರೆಗಳು, ಅಲುಗಾಡುವ ಕ್ಯಾಮೆರಾ, ನಿಂತ ಚಿತ್ರ. ಜೆನೋಸ್ ಮೈಗೆ ಹಾಕಿದ ಲೋಹದ ಹೊಳಪು ಚಿತ್ರದ ಮೇಲೆ ಅಂಟಿಸಿದ ಹಾಗಿದೆ.

ನನಗೆ ಜಾಸ್ತಿ ನೋವಾಗಿದ್ದು ಗುಡಿಸಲಿನ ಹತ್ತಿರದ ಕಾಳಗದಲ್ಲಿ. ಮೈಯೆಲ್ಲ ಗಾಯವಾದ ಗರೌನನ್ನು ಒಂದು ಗುಂಪು ಹೀರೋಗಳು ಸುತ್ತುವರಿದಿದ್ದಾರೆ. ಗುಡಿಸಲಿನ ಒಳಗೆ ಒಬ್ಬ ಚಿಕ್ಕ ಹುಡುಗ ಇದ್ದಾನೆ, ಅದು ಗರೌಗೆ ಮಾತ್ರ ಗೊತ್ತು. ರಾಕ್ಷಸ ಆಗುತ್ತೇನೆ ಅಂತ ಹೊರಟವನು ಆ ಹುಡುಗನಿಗೆ ಏಟು ತಾಗದ ಹಾಗೆ ನೋಡಿಕೊಳ್ಳುತ್ತಾ ಹೊಡೆದಾಡುತ್ತಾನೆ. ಮಾಂಗಾದಲ್ಲಿ ಅವನ ಕಣ್ಣು ಗುಡಿಸಲಿನ ಕಡೆ ತಿರುಗುವುದು, ನಿಲ್ಲುವ ಜಾಗ ಆರಿಸುವುದು, ಒಂದೊಂದಕ್ಕೂ ಪ್ಯಾನೆಲ್, ಅಂದರೆ ಪುಟದಲ್ಲಿ ಒಂದು ಚೌಕದ ಚಿತ್ರ, ಇದೆ. ಗರೌ ಯಾರು ಅನ್ನುವುದು ಆ ಪ್ಯಾನೆಲ್‌ಗಳಲ್ಲೇ ಇದೆ. ಅನಿಮೆಯಲ್ಲಿ ಘಟನೆ ಅದೇ, ಆದರೆ ಆ ಸೂಕ್ಷ್ಮಕ್ಕೆ ಬೇಕಾದ ಬಿಡುವು ಇಲ್ಲ.

ಇನ್ನೊಂದು ವ್ಯತ್ಯಾಸ: ಸೈತಾಮ ವೇಷ ಹಾಕಿಕೊಂಡು ಹೋಗುವ ಮಾರ್ಷಲ್ ಆರ್ಟ್ಸ್ ಪಂದ್ಯಾವಳಿ ಮೂಲ ವೆಬ್‌ಕಾಮಿಕ್‌ನಲ್ಲಿ ಇಲ್ಲ, ಮಾಂಗಾಕ್ಕೆ ಅಂತಲೇ ಸೇರಿಸಿದ್ದು. ಅನಿಮೆ ಈ ಪಂದ್ಯಾವಳಿಯನ್ನೂ ಗರೌ ಕಥೆಯನ್ನೂ ಹೆಣೆದು ಅಲ್ಲಿಂದಿಲ್ಲಿಗೆ ಹಾರುತ್ತಾ ಹೋಗುತ್ತದೆ. ಒಂದಕ್ಕೆ ಮನಸ್ಸು ಹೊಂದುವಷ್ಟರಲ್ಲಿ ಇನ್ನೊಂದು ಬರುತ್ತದೆ. ಓದುವಾಗ ನಮ್ಮ ವೇಗ ನಮ್ಮ ಕೈಯಲ್ಲಿ ಇರುವುದರಿಂದ ಇದು ಅಷ್ಟು ಕಾಡುವುದಿಲ್ಲ.

ಮೂರನೇ ಸೀಸನ್ 2025ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಆರು ವರ್ಷ ಕಾದ ಅಭಿಮಾನಿಗಳಿಗೆ ಸಿಕ್ಕಿದ್ದು ಮತ್ತೆ ನಿಂತ ಚಿತ್ರಗಳು. ಗರೌ ಇಳಿಜಾರಿನಲ್ಲಿ ಜಾರಿ ಬರುವ ಒಂದು ತುಣುಕು ಎಲ್ಲೆಡೆ ಹರಿದಾಡಿ ಟೀಕೆಗೆ ಗುರಿಯಾಯಿತು. ಟೀಕೆ ಸರಿಯೇ, ಆದರೆ ಅದು ಕೆಳಗೆ ಕೂತು ಕೆಲಸ ಮಾಡುವ ಕಲಾವಿದರ ಮೇಲೆ ಬೈಗುಳವಾಗಿ ಬಿದ್ದದ್ದು ನನಗೆ ಒಪ್ಪಿಗೆಯಿಲ್ಲ. ಮುರಾತಾ ಚಿತ್ರದ ಒಂದು ಪುಟದಲ್ಲಿರುವ ಗೆರೆಗಳನ್ನು ಅಲುಗಾಡಿಸಬೇಕು ಅಂದರೆ ಬೇಕಾಗುವ ಜನ, ಸಮಯ ಎರಡೂ ತುಂಬಾ. ಅದು ಸಿಗದಿದ್ದರೆ ಯಾರ ಕೈಯಲ್ಲೂ ಆಗಲ್ಲ. ನೋಡುವವರಾಗಿ ನಮ್ಮ ಆಯ್ಕೆ ಮಾತ್ರ ಸುಲಭ: ಈ ಸೀಸನ್ನಿನಲ್ಲಿರುವ, ರಾಕ್ಷಸರ ಕೂಟವಾದ ಮಾನ್‌ಸ್ಟರ್ ಅಸೋಸಿಯೇಷನ್ ಕಥೆಯನ್ನು ಓದಿಯೇ ತಿಳಿಯಿರಿ.

ಮಾಂಗಾ ಓದುವುದು ಹೇಗೆ?

ಮೊದಲ ಸಲ ಮಾಂಗಾ ಹಿಡಿಯುವವರಿಗೆ: ಪುಸ್ತಕ ಬಲದಿಂದ ಎಡಕ್ಕೆ. ಪ್ಯಾನೆಲ್‌ಗಳೂ ಹಾಗೇ. ಮೊದಲ ಸಂಪುಟ ಮುಗಿಯುವಷ್ಟರಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ. ಇಂಗ್ಲಿಷ್ ಸಂಪುಟಗಳನ್ನು ತರುವುದು ವಿಜ್ ಮೀಡಿಯಾ. ಅವರ ಶೋನೆನ್ ಜಂಪ್ ಆ್ಯಪ್ ಭಾರತದಲ್ಲೂ ಸಿಗುತ್ತದೆ, ಚಂದಾ ಕಟ್ಟಿ ಓದಬಹುದು.

ಪುಸ್ತಕ ಒಳ್ಳೆಯದಾ, ಪರದೆ ಒಳ್ಳೆಯದಾ ಅಂದರೆ ನನ್ನ ಉತ್ತರ ಸ್ವಲ್ಪ ಬೇರೆ. ಮುರಾತಾ ಇದನ್ನು ಬರೆದದ್ದು ವೆಬ್ ಪತ್ರಿಕೆಗೆ, ಪುಟದ ಮಿತಿ ಇಲ್ಲದ ಕಡೆಗೆ. ಹಾಗಾಗಿ ಕೆಲವು ಕಡೆ ಒಂದೇ ಚಲನೆಯನ್ನು ಪುಟದಿಂದ ಪುಟಕ್ಕೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಬರೆದಿದ್ದಾರೆ. ಪರದೆಯ ಮೇಲೆ ಬೇಗ ಬೇಗ ತಿರುವಿದರೆ ಚಿತ್ರ ಓಡುತ್ತದೆ! ಪುಸ್ತಕದಲ್ಲಿ ಆ ಓಟ ಇರಲ್ಲ. ಆದರೆ ಎರಡು ಪುಟ ಅಗಲಿಸಿ ಬರೆದ ರಾಕ್ಷಸರ ಚಿತ್ರ ಕಾಗದದ ಮೇಲೆ ನೋಡುವ ಸುಖ ಫೋನಿನ ಸಣ್ಣ ಪರದೆಯಲ್ಲಿ ಸಿಗುವುದಿಲ್ಲ. ಟ್ಯಾಬ್ ಇದ್ದವರು ಟ್ಯಾಬಿನಲ್ಲಿ ಓದಿ. ಬರೀ ಫೋನ್ ಇದ್ದವರು ಪುಸ್ತಕ ಕೊಳ್ಳುವುದೇ ಮೇಲು.

ಇನ್ನೊಂದು ಗಮನಿಸಬೇಕು. ಮುರಾತಾ ಮತ್ತು ಒನ್ ಪ್ರಕಟವಾದ ಅಧ್ಯಾಯಗಳನ್ನೇ ಮತ್ತೆ ಬದಲಿಸಿ ಬರೆಯುತ್ತಾರೆ. ಗರೌ ಕಥೆಯಲ್ಲಿ ಹೀಗೆ ಸುಮಾರು ಸಲ ಆಗಿದೆ, ಆಮೇಲಿನ ನಿಂಜಾ ಕಥೆಯಲ್ಲೂ ಆಗಿದೆ. ಇಂಟರ್ನೆಟ್ಟಿನಲ್ಲಿ ಬಂದ ತಕ್ಷಣ ಓದಿದವರು ನೆನಪಿಟ್ಟುಕೊಂಡ ಘಟನೆ ಸಂಪುಟದಲ್ಲಿ ಇಲ್ಲದೇ ಹೋಗಬಹುದು. ಕೆಲವರಿಗೆ ಇದು ಕಿರಿಕಿರಿ. ಒಂದೇ ಸಲ ಗಟ್ಟಿ ರೂಪ ಓದಬೇಕು ಅನ್ನುವವರು ಸಂಪುಟಗಳಿಗೆ ಕಾಯಿರಿ. ಅಧ್ಯಾಯದ ಸಂಖ್ಯೆಗಳೂ ಎಲ್ಲ ಕಡೆ ಒಂದೇ ಥರ ಇಲ್ಲ, ಆದ್ದರಿಂದ ಸಂಪುಟದ ಸಂಖ್ಯೆ ಹಿಡಿದುಕೊಂಡು ಹೋಗುವುದು ಸುಲಭ.

ಗರೌ ಕೊನೆ: ಮಾಂಗಾದಾ, ವೆಬ್‌ಕಾಮಿಕ್‌ದಾ?

ಇಲ್ಲಿ ಸ್ಪಾಯ್ಲರ್ ಇದೆ, ಬೇಡದವರು ಮುಂದಿನ ಭಾಗಕ್ಕೆ ಹೋಗಿ.

2022ರಲ್ಲಿ ಮಾಂಗಾದಲ್ಲಿ ಬಂದ ಸೈತಾಮ–ಗರೌ ಕಾಳಗ ಚಿತ್ರದ ದೃಷ್ಟಿಯಿಂದ ನಾನು ಕಂಡ ಅತಿ ದೊಡ್ಡ ಕೆಲಸಗಳಲ್ಲಿ ಒಂದು. ಜೆನೋಸ್ ಸಾಯುತ್ತಾನೆ, ಸೈತಾಮ ಮೊದಲ ಬಾರಿ ದುಃಖದಿಂದ ಹೊಡೆಯುತ್ತಾನೆ, ಗುರುಗ್ರಹದ ಉಪಗ್ರಹ ಅಯೋ ಮೇಲೆ ಕಾಳಗ ನಡೆಯುತ್ತದೆ, ಸೈತಾಮ ಸೀನಿದ ರಭಸಕ್ಕೆ ಗುರುಗ್ರಹದ ಒಂದು ಪಾಲು ಹಾರಿಹೋಗುತ್ತದೆ. ಕೊನೆಗೆ ಕಾಲದಲ್ಲಿ ಹಿಂದಕ್ಕೆ ಹೋಗಿ ಎಲ್ಲ ಸರಿಯಾಗುತ್ತದೆ.

ವೆಬ್‌ಕಾಮಿಕ್‌ನಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಇರುವುದು ಇಬ್ಬರು, ಮತ್ತು ಒಂದು ಮಾತುಕತೆ. ಎಲ್ಲರೂ ಹೆದರುವ ಕೇಡಾಗಿ ನಿಂತು ಜಗತ್ತನ್ನು ಒಂದು ಮಾಡುತ್ತೇನೆ ಅನ್ನುವ ಗರೌಗೆ, ನೀನು ನಿಜಕ್ಕೂ ಆಗಬೇಕಿದ್ದದ್ದು ಹೀರೋ, ಅದು ಕಷ್ಟ ಅಂತ ರಾಕ್ಷಸನಾಗಿ ರಾಜಿ ಮಾಡಿಕೊಂಡೆ ಅಂತ ಸೈತಾಮ ನೇರವಾಗಿ ಹೇಳುತ್ತಾನೆ. ದಿನಸಿ ರಿಯಾಯಿತಿ ಬಿಟ್ಟು ಬೇರೇನೂ ತಲೆಗೆ ಹಾಕಿಕೊಳ್ಳದವನ ಹಾಗೆ ಕಾಣುವ ಸೈತಾಮ ಎದುರಿನ ಮನುಷ್ಯನನ್ನು ಇಷ್ಟು ಸರಿಯಾಗಿ ಓದುತ್ತಾನೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಗುಡಿಸಲಿನ ಹುಡುಗ ಗರೌ ಪರ ನಿಲ್ಲುವುದು ಎರಡರಲ್ಲೂ ಇದೆ, ಆದರೆ ವೆಬ್‌ಕಾಮಿಕ್‌ನಲ್ಲಿ ಅದರ ಭಾರ ಜಾಸ್ತಿ, ಯಾಕೆಂದರೆ ಅದಕ್ಕೆ ಮೊದಲು ಗ್ರಹಗಳು ಒಡೆದಿರುವುದಿಲ್ಲ. ನನ್ನ ಮತ ವೆಬ್‌ಕಾಮಿಕ್‌ಗೆ. ಅದು ಈಗಲೂ ಜಪಾನಿ ಭಾಷೆಯಲ್ಲಿ ಉಚಿತವಾಗಿ ಇದೆ. ಭಾಷೆ ಬರದಿದ್ದರೂ ಮಾಂಗಾ ಪಕ್ಕದಲ್ಲಿಟ್ಟುಕೊಂಡು ಚಿತ್ರ ನೋಡುತ್ತಾ ಹೋದರೆ, ಒಂದು ಒರಟು ಗೆರೆಯ ಮುಖ ಎಷ್ಟು ಹೇಳಬಲ್ಲದು ಅಂತ ಕಾಣುತ್ತದೆ.

ಯಾರಿಗೆ ಯಾವುದು?

ಅನಿಮೆ ಈವರೆಗೆ ನೋಡಿಯೇ ಇಲ್ಲ ಅನ್ನುವವರಿಗೆ ಮೊದಲ ಸೀಸನ್ ಬಿಟ್ಟು ಬೇರೆ ದಾರಿ ಹೇಳಲಾರೆ. ಜಪಾನಿ ದನಿಯಲ್ಲೇ ನೋಡಿ, ಸಬ್‌ಟೈಟಲ್ ಇರಲಿ. ಸೈತಾಮನಿಗೆ ದನಿ ಕೊಟ್ಟ ಮಕೋತೋ ಫುರುಕಾವಾ ಎರಡು ದನಿ ಇಟ್ಟುಕೊಂಡಿದ್ದಾರೆ, ಸಪ್ಪೆಯದು ಒಂದು, ಗಂಭೀರವಾದದ್ದು ಇನ್ನೊಂದು. ಅದು ಬದಲಾಗುವ ಕ್ಷಣಕ್ಕೆ ಕಾಯುವುದೇ ಒಂದು ಮಜಾ.

ಮೊದಲ ಸೀಸನ್ ನೋಡಿ ಎಷ್ಟೋ ವರ್ಷ ಆಯಿತು, ಕಥೆ ಮರೆತಿದೆ ಅನ್ನುವವರು 7ನೇ ಸಂಪುಟದಿಂದ ಹಿಡಿಯಿರಿ. ಬೋರೋಸ್ ಕಾಳಗ ನೆನಪಾಗುತ್ತದೆ, ಅಲ್ಲಿಂದ 8ಕ್ಕೆ ಸಲೀಸು. ಎರಡನೇ ಸೀಸನ್ ಆಗಲೇ ನೋಡಿಬಿಟ್ಟಿದ್ದರೆ 18ರಿಂದ ಶುರು ಮಾಡಬೇಡಿ, ದಯವಿಟ್ಟು 8ಕ್ಕೇ ವಾಪಸ್ ಹೋಗಿ. ಗರೌ ನಿಮಗೆ ಆ ಸೀಸನ್ನಿನಲ್ಲಿ ಪೂರ್ತಿ ಸಿಕ್ಕಿಲ್ಲ.

ಓದುವ ಅಭ್ಯಾಸವೇ ಇಲ್ಲದ ಮಕ್ಕಳಿಗೆ ಕೊಡಬೇಕು ಅನ್ನುವ ಅಪ್ಪ ಅಮ್ಮಂದಿರಿಗೆ ಒಂದು ಮಾತು: ಎರಡರಲ್ಲೂ ರಕ್ತ, ತುಂಡಾಗುವ ದೇಹ ಇದೆ, ಮುರಾತಾ ಅದನ್ನು ಬಿಡಿಸಿ ಬರೆಯುತ್ತಾರೆ. ಹೈಸ್ಕೂಲ್ ದಾಟಿದ ಮಕ್ಕಳಿಗೆ ಸರಿ, ಚಿಕ್ಕವರಿಗೆ ಬೇಡ.

ಸಂಪುಟಗಳು ಜಪಾನಿನಲ್ಲಿ ಆಗಲೇ 30 ದಾಟಿವೆ, ಎಲ್ಲವನ್ನೂ ಒಟ್ಟಿಗೆ ಕೊಳ್ಳುವುದು ಸಣ್ಣ ಖರ್ಚಲ್ಲ. ಹಣ ನೋಡಿಕೊಂಡು ಖರ್ಚು ಮಾಡುವವರು 1ರಿಂದ 6 ಸದ್ಯಕ್ಕೆ ಬಿಡಬಹುದು, ಆ ಭಾಗ ಅನಿಮೆಯಲ್ಲಿ ಚೆನ್ನಾಗಿಯೇ ಇದೆ. 7ರಿಂದ ಕೊಳ್ಳಿ. ಕೈಯಲ್ಲಿ ದುಡ್ಡಾದಾಗ ಹಿಂದಿನವನ್ನೂ ತರಿಸಿಕೊಳ್ಳಿ, ಅವುಗಳ ಕೊನೆಯಲ್ಲಿರುವ ಚಿಕ್ಕ ಚಿಕ್ಕ ಹೆಚ್ಚುವರಿ ಕಥೆಗಳಲ್ಲಿ ಟಿವಿ ಎಪಿಸೋಡುಗಳಿಗೆ ಬಾರದೇ ಉಳಿದವು ಇವೆ.